ಹೆರಳಿನ ಕೊರಡು

ಗುರುಪುತ್ರಪ್ಪನಿಗೆ ಹೂವಿನ ಹುಚ್ಚು ಹಿಡಿದಿದೆ ಎಂದು ಬೆಳಗಾವಿಯ ಕೋಟೆ ಕೆರೆಯ ಸುತ್ತಲಿನ ಜನ ನಗುತ್ತಿದ್ದರು. ನಗಲಿ ಬಿಡಿ, ಊರ ಬಾಯಿಗೆ ಮುಚ್ಚಳ ಹಾಕಿದವರು ಯಾರಿದ್ದಾರೆ? ಆದರೆ ಆ ಹುಚ್ಚು ಹೇಗೆ ಹತ್ತಿತು ಎಂಬುದು ನಕ್ಕವರಿಗೆ ಗೊತ್ತಿರಲಿಲ್ಲ, ಗೊತ್ತಾಗಿದ್ದರೆ ನಗುತ್ತಲೂ ಇರಲಿಲ್ಲ. ಅವನು ಹುಟ್ಟಿನಿಂದ ಹೂವಿನ ಮನುಷ್ಯನೇ ಅಲ್ಲ. ಅವನದು ಕಟ್ಟಿಗೆ ಅಡ್ಡೆ. ಖಾನಾಪುರದ ಕಾಡಿನಿಂದ ಬಂದ ಮರವನ್ನು ಸೀಳಿ, ಒಟ್ಟಿ, ತೂಗಿ ಮಾರುವುದು ಅಪ್ಪನ ಕಾಲದಿಂದ ಬಂದ ಕಸಬು. ಯಾವ ಮರ ಬಂದರೂ ಅವನು ಕೇಳುತ್ತಿದ್ದ ಪ್ರಶ್ನೆ ಒಂದೇ, ಹಸಿಯೋ ಒಣಗಿದ್ದೋ?

ಊರಿನ ಒಲೆಗಳಿಗೆ ಮಾತ್ರವಲ್ಲ, ಊರಿನ ಚಿತೆಗಳಿಗೂ ಕಟ್ಟಿಗೆ ಹೋಗುತ್ತಿದ್ದುದು ಅವನ ಅಡ್ಡೆಯಿಂದಲೇ. ಅವನೇನೋ ಲಿಂಗವಂತ, ಅವನ ಮಂದಿ ಸತ್ತವರನ್ನು ಕೂಡಿಸಿ ಮಣ್ಣು ಮಾಡುವವರು, ಅವರಿಗೆ ಒಂದು ಕಡ್ಡಿಯೂ ಬೇಡ. ಆದರೂ ಚಿತೆಯ ಕಟ್ಟಿಗೆಯ ಕಟ್ಟಳೆಗಳನ್ನು ಅವನಷ್ಟು ನಿಷ್ಠೆಯಿಂದ ಪಾಲಿಸಿದವರು ಸುಡುವವರಲ್ಲೂ ಇರಲಿಲ್ಲ. ಹೆಣದ ಕಟ್ಟಿಗೆಗೆ ಚೌಕಾಸಿ ಇಲ್ಲ. ಅದರಲ್ಲಿ ಹಸಿ ಕೊರಡು ಇರಕೂಡದು. ಗಾಡಿ ಹೊರಟ ಮೇಲೆ ಹಿಂದಿನಿಂದ ಕೂಗಕೂಡದು. ಕೂಗಿದರೆ ಹೋಗುವ ಜೀವ ತಿರುಗಿ ನೋಡುತ್ತದೆ. ಒಮ್ಮೆ ಗಾಡಿಗೆ ಹೇರಿದ್ದು ಸತ್ತವರ ಪಾಲು, ಅದು ಮತ್ತೆ ಯಾರ ಒಲೆಗೂ ಹೋಗಕೂಡದು. ಇದೆಲ್ಲ ಅಪ್ಪ ಹೇಳಿಕೊಟ್ಟದ್ದು.

ಯುಗಾದಿ ಕಳೆದು ಬಿಸಿಲು ಏರುತ್ತಿದ್ದ ಒಂದು ಬೆಳಿಗ್ಗೆ ಮಾರುತಿ ಗಲ್ಲಿಯ ದಿಗಂಬರ ಬಂದು ಅಡ್ಡೆಯ ಬಾಗಿಲಲ್ಲಿ ನಿಂತ. ಕಚೇರಿಯಲ್ಲಿ ಕಾರಕೂನನಾಗಿದ್ದವನು, ದಿನಾ ಕರಿ ಕೋಟು ಹಾಕಿಕೊಂಡು ಇದೇ ದಾರಿಯಲ್ಲಿ ಹೋಗುತ್ತಿದ್ದವನು. ಆ ಹೊತ್ತು ಮೈಮೇಲೆ ಕೋಟಿರಲಿಲ್ಲ, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ.

"ಯಾರ್ರೀ?" ಎಂದ ಗುರುಪುತ್ರಪ್ಪ. ಬರಿಗಾಲಲ್ಲಿ ಬಂದವರನ್ನು ಅವನು ಬೇರೇನೂ ಕೇಳುತ್ತಿರಲಿಲ್ಲ.

"ಕುಮುದಿನಿ," ಎಂದ ದಿಗಂಬರ. "ಜ್ವರಾ ಇಳೀಲೇ ಇಲ್ರಿ."

ಗುರುಪುತ್ರಪ್ಪನ ಕೈ ತಕ್ಕಡಿಯ ಮೇಲೆಯೇ ನಿಂತಿತು. ದಿಗಂಬರನ ತಂಗಿ ಕುಮುದಿನಿ! ಚಿಕ್ಕವಳಿದ್ದಾಗ ತಾಯಿ ಕಾಶೀಬಾಯಿಯ ಸೆರಗು ಹಿಡಿದು ಅಡ್ಡೆಗೆ ಬರುತ್ತಿದ್ದಳು. ತಾಯಿ ಕಟ್ಟಿಗೆ ತೂಗಿಸುವಷ್ಟರಲ್ಲಿ ಇವಳು ಕೊಡಲಿಯ ಕೆಳಗೆ ಉದುರಿದ ಚಕ್ಕೆಗಳನ್ನು ಆಟದ ಒಲೆಗೆಂದು ಆರಿಸುತ್ತಿದ್ದಳು. ಉಡಿ ತುಂಬಿದರೂ ಸಾಕಾಗುತ್ತಿರಲಿಲ್ಲ. "ಕಾಕಾ, ಇನ್ನೊಂದು," ಎನ್ನುವಳು. ಕೊಟ್ಟರೆ, "ಇನ್ನೊಂದು." ಆಗ ಅವಳ ಹೆರಳು ಸೊಂಟ ದಾಟಿತ್ತು, ಚಕ್ಕೆ ಆರಿಸಲು ಕೂತರೆ ತುದಿ ಮಣ್ಣಿನಲ್ಲಿ ಹೊರಳುತ್ತಿತ್ತು. ಮಕ್ಕಳಿಲ್ಲದ ಗುರುಪುತ್ರಪ್ಪ ಆ ಹೆರಳನ್ನೆತ್ತಿ ಧೂಳು ಕೊಡವಿ ಅವಳ ಬೆನ್ನಿಗೆ ಹಾಕುತ್ತಿದ್ದ.

ಮುಂದೆ ಅವಳನ್ನು ಖಾನಾಪುರಕ್ಕೆ ಕೊಟ್ಟರು. ದೊಡ್ಡ ಜ್ವರ ಊರೂರನ್ನೇ ಗುಡಿಸಿಕೊಂಡು ಹೋದ ವರ್ಷ ಅವಳ ಗಂಡನೂ ಹೋದ. ಗುರುಪುತ್ರಪ್ಪ ಮರದ ವ್ಯವಹಾರಕ್ಕೆ ಆಗಾಗ ಖಾನಾಪುರಕ್ಕೆ ಹೋಗುತ್ತಿದ್ದವನು, ಒಂದು ದಿನ ಅಲ್ಲಿಯ ರೈಲು ನಿಲ್ದಾಣದಲ್ಲಿ ಕಾಶೀಬಾಯಿಯನ್ನು ಕಂಡ. ಅವಳ ಪಕ್ಕದಲ್ಲಿ ಕೆಂಪು ಸೀರೆ ಹೊದ್ದ ಯಾರೋ ಮುದುಕಿ ತಲೆ ಬಗ್ಗಿಸಿ ಕೂತಿದ್ದಳು. ಗಾಳಿಗೆ ಸೆರಗು ಸರಿದಾಗ ನೋಡಿದರೆ, ಮುದುಕಿಯಲ್ಲ. ಬೋಳುತಲೆ, ಕೆಳಗೆ ಅದೇ ಹುಡುಗಿಯ ಮುಖ. ಶಿವಶಿವಾ, ಅವನಿಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಗುರುತಿಲ್ಲದವನಂತೆ ಬೇರೆ ಡಬ್ಬಿಗೆ ಹೋಗಿ ಹತ್ತಿದ.

ಈಗ ಅವಳ ಕಟ್ಟಿಗೆಯನ್ನು ಅವನೇ ಆರಿಸಿದ. ಒಳ್ಳೆಯ ಒಣಗಿದ ಮತ್ತಿ, ಕೆಳಗಿಡಲು ದಪ್ಪ ಕೊರಡುಗಳು. ಗಾಡಿ ತುಂಬಿತು. ಕೊನೆಯ ಕೊರಡು ಹೇರಿದ ಮೇಲೆ ಅವನ ಕಣ್ಣು ಅದರ ಮೇಲೆ ಬಿತ್ತು. ತೊಗಟೆಗೆ ಅಂಟಿಕೊಂಡು ಒಂದು ಸಸಿ ಬದುಕಿತ್ತು. ಪಟ್ಟಿಯಂಥ ದಪ್ಪ ಎಲೆಗಳು, ಬೂದು ಬಣ್ಣದ ಹಗ್ಗದಂಥ ಬೇರುಗಳು, ಎಲೆಯ ಸಂದಿನಿಂದ ಇಣುಕಿದ ಹಸಿರು ಬಾಲ. ಸಸಿ ಬದುಕಿದೆ ಎಂದ ಮೇಲೆ ಮರ ಹಸಿಯೇ ಇರಬೇಕು, ಇದು ಅವನ ಲೆಕ್ಕ. ಆ ಜಾತಿಯ ಸಸಿ ಒಣಮರದ ಮೇಲೂ ಬದುಕುತ್ತದೆ, ಗಾಳಿಯನ್ನೇ ಕುಡಿದು ಇರುತ್ತದೆ ಎಂಬುದು ಅವನಿಗೆ ಆಗ ತಿಳಿದಿರಲಿಲ್ಲ. ಹಸಿ ಕೊರಡು ಕುಮುದಿನಿಗೆ ಬೇಡವೆಂದು ಅದನ್ನು ಕೆಳಗಿಳಿಸಿ ಗೋಡೆಗೆ ಒರಗಿಸಿದ. ಇನ್ನೊಂದು ತರಲು ಕಟ್ಟಿಗೆಯ ಒಟ್ಟಿನ ಹಿಂದೆ ಹೋದ.

ಒಣಗಿದ ಕೊರಡನ್ನು ಹೆಗಲ ಮೇಲೆ ಹೊತ್ತು ಬರುವಷ್ಟರಲ್ಲಿ ಗಾಡಿ ರಸ್ತೆಗೆ ಇಳಿದಿತ್ತು. ಕೂಗೋಣವೆಂದು ಬಾಯಿ ತೆರೆದ. ಅಪ್ಪನ ಮಾತು ನೆನಪಾಯಿತು, ಮುಚ್ಚಿದ. ಕೂಗಕೂಡದು, ಖರೆ. ಓಡಿ ಹೋಗಿ ಕೊಡಕೂಡದು ಎಂದು ಯಾವ ಅಪ್ಪ ಹೇಳಿದ್ದ? ಅವನು ಓಡಲಿಲ್ಲ. ಖಾನಾಪುರದ ರೈಲಿಗೆ ಹೊತ್ತಾಗಿತ್ತು. ಒಂದು ಕೊರಡಿನಿಂದ ಏನಾಗುತ್ತದೆ ಎಂದುಕೊಂಡು ಅಡ್ಡೆಗೆ ಬೀಗ ಹಾಕಿ ನಿಲ್ದಾಣಕ್ಕೆ ನಡೆದ. ರೈಲು ದೇಸೂರು ದಾಟುವಾಗ ಗುಡುಗು ಕೇಳಿಸಿತು. ಖಾನಾಪುರದಲ್ಲಿ ಇಳಿದಾಗ ಧೋ ಎಂದು ಬೇಸಿಗೆಯ ಅಡ್ಡಮಳೆ ಸುರಿಯುತ್ತಿತ್ತು. ಬೆಳಗಾವಿಯ ಮಸಣದಲ್ಲೂ ಸುರಿಯುತ್ತಿದೆಯೇ ಎಂದು ಬಂದ ದಾರಿಯ ಕಡೆ ತಿರುಗಿ ನೋಡಿದ.

ಮರುದಿನ ಬಂದು ಬೀಗ ತೆಗೆದ. ಕೊರಡು ಗೋಡೆಗೆ ಒರಗಿ ನಿಂತಿತ್ತು. ಗಾಡಿಗೆ ಹೇರಿ ಇಳಿಸಿದ್ದು, ಇನ್ನು ಅದನ್ನು ಮಾರುವಂತಿಲ್ಲ, ಒಲೆಗೆ ಹಾಕುವಂತಿಲ್ಲ. ಅದು ಕುಮುದಿನಿಯ ಪಾಲು. ಅವಳೋ ಬೂದಿಯಾಗಿದ್ದಳು.

ಕೆಲವು ದಿನಗಳ ಮೇಲೆ ಮಟಮಟ ಮಧ್ಯಾಹ್ನ. ಗಿರಾಕಿ ಇಲ್ಲ, ಕೂಲಿಯವರು ಉಣ್ಣಲು ಹೋಗಿದ್ದರು. ಗುರುಪುತ್ರಪ್ಪ ಕಣ್ಣು ಮುಚ್ಚಿ ಕೂತಿದ್ದ. ಒಟ್ಟಿನ ಹಿಂದಿನಿಂದ ಸಣ್ಣ ದನಿ ಬಂತು.

"ಕಾಕಾ, ಇನ್ನೊಂದು."

ಎದ್ದು ಹೋಗಿ ನೋಡಿದ. ಚಕ್ಕೆಗಳು ಬಿದ್ದಿದ್ದವು, ಬಿಸಿಲು ಬಿದ್ದಿತ್ತು, ಯಾರೂ ಇರಲಿಲ್ಲ. ಮತ್ತೆ ಕೆಲವು ದಿನ ಸುಮ್ಮನೆ ಹೋದವು. ಮತ್ತೊಂದು ಮಧ್ಯಾಹ್ನ ಅದೇ ದನಿ, ಅದೇ ಮಾತು. ಬೈಗುಳವಲ್ಲ, ಅಳುವಲ್ಲ, ಉಡಿ ಹಿಡಿದು ನಿಂತ ಮಗುವಿನ ದನಿ. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಮನೆಗೆ ಬಂದ ಜಂಗಮ ಚನ್ನಬಸಯ್ಯನವರಿಗೆ ಹೇಳಿಕೊಂಡ. ಅಯ್ಯನವರು ಗದರಿದರು. "ಕೊರಳಾಗ ಲಿಂಗಾ ಕಟಕೊಂಡು ದೆವ್ವಕ್ಕ ಅಂಜತೀಯೇನೋ, ನಾಚಿಕಿ ಆಗೂದಿಲ್ಲ?"

"ದೆವ್ವಕ್ಕ ಅಂಜೂದಿಲ್ರೀ ಅಪ್ಪಾರ. ಆಕಿ ಪಾಲಿಂದು ನನ್ನ ಕಡೆ ಉಳದೈತಿ. ಅದನ್ನ ಹೆಂಗ ಮುಟ್ಟಸಲಿ? ಮಸಣಕ್ಕ ಒಯ್ದು ಸುಟ್ಟುಬಿಡ್ಲೇನು?"

ಅಯ್ಯನವರು ಗಡ್ಡ ನೀವಿಕೊಂಡರು. "ಬರೇ ನೆಲದ ಮ್ಯಾಲ ಸುಟ್ಟರ ಅದು ಹೊಗಿ ಅಷ್ಟ. ಇನ್ನೊಬ್ಬರ ಚಿತಿಗೆ ಹಾಕಿದರ ಅವರದಾತು. ಆಕಿಗೆ ಹೆಂಗ ಮುಟ್ಟೀತು? ಸುಮ್ಮಕಿರು, ಆಕಿ ರಕ್ತದವರಿಗೆ ಖರೇ ಹೇಳಿಬಿಡು."

ಅದೊಂದನ್ನು ಬಿಟ್ಟು ಬೇರೇನು ಹೇಳಿದ್ದರೂ ಅವನು ಮಾಡುತ್ತಿದ್ದ. ಕಾಶೀಬಾಯಿಯ ಎದುರು ನಿಂತು, ನಿನ್ನ ಮಗಳ ಚಿತೆಯಿಂದ ಒಂದು ಕೊರಡು ಇಳಿಸಿದೆ ಎನ್ನುವುದು ಹೇಗೆ? ಅಂದಿನಿಂದ ಮಾರುತಿ ಗಲ್ಲಿಯ ದಾರಿಯನ್ನೇ ಬಿಟ್ಟ. ದಿಗಂಬರ ಎದುರಿಗೆ ಕಂಡರೆ ತಕ್ಕಡಿಯ ಕಲ್ಲು ಹುಡುಕುತ್ತ ಬಗ್ಗುತ್ತಿದ್ದ.

ಮಿರಗದ, ಅಂದರೆ ಮೃಗಶಿರಾ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಗುರುಪುತ್ರಪ್ಪ ಅಡ್ಡೆಯ ಬಾಗಿಲು ತೆಗೆದು ಹಾಗೇ ನಿಂತುಬಿಟ್ಟ. ಕೊರಡಿನ ಹಸಿರು ಬಾಲ ಮೊಳದುದ್ದ ಇಳಿದು ಅರಳಿತ್ತು. ಬಿಳಿಯ ಮೇಲೆ ನೇರಳೆ ಚುಕ್ಕೆಯ ಸಣ್ಣ ಸಣ್ಣ ಹೂ, ಒಂದಕ್ಕೊಂದು ಒತ್ತಿ ಒತ್ತಿ, ಹೆಣೆದ ಹೆರಳಿನ ಹಾಗೆ ಜೋತುಬಿದ್ದಿತ್ತು. ತುದಿ ನೆಲದ ಮಣ್ಣಿಗೆ ತಾಗಿತ್ತು. ಅವನು ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಬಗ್ಗಿ ಅದನ್ನು ಎತ್ತಿ ಧೂಳು ಕೊಡವಿದ. ಬೆನ್ನಿಗೆ ಹಾಕಲೆಂದು ಕೈ ಮುಂದೆ ಹೋಯಿತು, ಅಲ್ಲಿ ಬೆನ್ನಿರಲಿಲ್ಲ.

ಅದೇ ಹೊತ್ತಿಗೆ ಗಾಡಿಯ ಮಾಯಪ್ಪ ಖಾನಾಪುರದಿಂದ ಕಟ್ಟಿಗೆ ಹೇರಿಕೊಂಡು ಬಂದ. "ಆಹಾಹಾ! ಸೀತವ್ವನ ಹೆರಳು," ಎಂದ. "ನಮ್ಮ ಕಡೆ ಹಂಗ ಅಂತಾರ್ರೀ ಮಾಲಕರ. ವನವಾಸದಾಗ ಸೀತವ್ವ ತಲಿ ಹಿಕ್ಕೊಂಡು, ಉದುರಿದ ಕೂದಲಾ ಗಿಡಕ್ಕ ಸಿಗಿಸಿದ್ಲಂತ."

"ಈ ಕೊರಡ ಎಲ್ಲಿಂದೋ ಮಾಯಪ್ಪಾ?"

"ಇದಾ? ಹೊಳಿ ದಂಡಿ ಮ್ಯಾಲಿನ ಗಿಡದ್ದು. ಹೋದ ಮಳಿಗಾಲದಾಗ ಮಲಪ್ರಭಾ ಬಂದು ಬುಡಾ ಕೊರದಿದ್ಲು, ಕೆಡವಿದರು. ಅದರ ಕೆಳಗ ಹಜಾಮರು ಕುಂದರ್ತಿದ್ದರು ನೋಡ್ರಿ, ಗಂಡಾ ಸತ್ತ ಹೆಣಮಕ್ಕಳನ್ನ ತಲಿ ಬೋಳಸಾಕ ಅಲ್ಲೇ ಕರಕೊಂಡ ಬರ್ತಿದ್ದರು."

ಮಾಯಪ್ಪ ಎತ್ತಿಗೆ ನೀರು ಕುಡಿಸಲು ಹೋದ. ಗುರುಪುತ್ರಪ್ಪ ಕೊರಡಿನ ಮುಂದೆ ಕೂತ. ಅವಳ ತಲೆಯಿಂದ ಇಳಿದದ್ದು ಆ ಮರದ ಬುಡದಲ್ಲಿ ಬಿದ್ದಿತ್ತು. ಆ ಮರ ಅವಳ ಹಿಂದೆಯೇ ಬೆಳಗಾವಿಗೆ ಬಂದು, ಅವಳ ಗಾಡಿಯನ್ನೂ ಏರಿತ್ತು. ಅವಳದನ್ನು ಅವಳಿಗೆ ಸೇರಿಸಲು ಹೊರಟಿದ್ದ ಕೊರಡನ್ನು ಇಳಿಸಿದವನು ತಾನು. ಹೆಂಡತಿ ಶಿವಲಿಂಗವ್ವನಿಗೆ ಹೇಳಿದರೆ ಅವಳು ತಲೆ ಚಚ್ಚಿಕೊಂಡಳು. "ಹೊಳಿ ದಂಡಿಯ ಯಾವ ಗಿಡದ ಕೆಳಗ ಹಜಾಮ ಕುಂದರೂದಿಲ್ಲಾ? ಎಲ್ಲಾ ಗಿಡಾ ದೆವ್ವ ಆದರ ನಾವು ಏನ ಸುಟ್ಟು ಅಡಿಗಿ ಮಾಡೂಣು?" ಮಾತೇನೋ ಸರಿಯೇ. ನೀವೂ ಹಾಗೆಯೇ ಅನ್ನಬಹುದು. ಮಧ್ಯಾಹ್ನ ಒಬ್ಬನೇ ಅಡ್ಡೆಯಲ್ಲಿ ಕೂತಿರುತ್ತಿದ್ದವನು ಮಾತ್ರ ಅವನು.

ಅಲ್ಲಿಂದ ಹುಚ್ಚು ಶುರುವಾಯಿತು. ಸಸಿ ಅಂಟಿದ ಯಾವ ಕೊರಡನ್ನೂ ಅವನು ಸೀಳಗೊಡುತ್ತಿರಲಿಲ್ಲ. ಯಾರ ಪಾಲಿನದೋ, ಯಾರು ಬಲ್ಲರು? ಗಾಡಿ ಬಂದ ಕೂಡಲೇ ತಾನೇ ಒಂದೊಂದು ಕೊರಡನ್ನೂ ಹೊರಳಿಸಿ ನೋಡುವನು. ಎಲೆ ಕಂಡರೆ ಬದಿಗೆ, ಬೇರು ಕಂಡರೆ ಬದಿಗೆ. ಸಾಕುವುದು ಹೇಗೆಂದು ಮಾತ್ರ ಗೊತ್ತಿಲ್ಲ. ಮೊದಲ ವರ್ಷ ಒಂದನ್ನು ಬಿಡಿಸಿ ಗೊಬ್ಬರ ಹಾಕಿದ ಮಣ್ಣಿನಲ್ಲಿ ನೆಟ್ಟ. ಅದು ಕೊಳೆತು ನಾರಿತು. ಇನ್ನೊಂದರ ನೆತ್ತಿಗೆ ದಿನಾ ಚೊಂಬುಗಟ್ಟಲೆ ನೀರು ಹೊಯ್ದ. ಎಲೆಗಳೆಲ್ಲ ಕಳಚಿ ಬಂದವು. ಒಣಶುಂಠಿಯಂತೆ ಮುರುಟಿದ್ದ ಮತ್ತೊಂದು ಸತ್ತಿದೆ ಎಂದು ತಿಪ್ಪೆಗೆ ಎಸೆದ. ಬೇಸಿಗೆಯಲ್ಲಿ ಕಸ ಚೆಲ್ಲಲು ಹೋದ ಶಿವಲಿಂಗವ್ವ ಕೂಗಿದಳು, "ಏನ್ರೀ, ನೀವು ಸಾಯಿಸಿದ್ದು ತಿಪ್ಪಿಯೊಳಗ ಹೂ ಬಿಟ್ಟೈತಿ ಬರ್ರಿ!" ಎಲೆಯಿಲ್ಲದ ಬರಿ ಕಡ್ಡಿಯ ತುಂಬ ತಿಳಿಗೆಂಪು ಹೂವು. ಅವನು ಓಡಿ ಹೋಗಿ ಅದನ್ನು ಎತ್ತಿ ತಂದ.

ತಪ್ಪು ಮಾಡಿ ಮಾಡಿಯೇ ಕಲಿತ. ಇವಕ್ಕೆ ಮಣ್ಣು ಬೇಡ, ಗಾಳಿ ಬೇಕು. ನೀರು ಬಿದ್ದರೆ ಬೂದು ಬೇರು ಹಸಿರಾಗುತ್ತದೆ. ಹಸಿರಾದರೆ ಸಾಕು, ಮತ್ತೆ ಬೂದು ಬಣ್ಣಕ್ಕೆ ತಿರುಗುವ ತನಕ ಮುಟ್ಟಬಾರದು. ಅಡ್ಡೆಯ ಬಾಗಿಲ ಬಳಿಯ ಮಾವಿನ ಮರಕ್ಕೆ ಕೊರಡುಗಳನ್ನು ಹಗ್ಗ ಕಟ್ಟಿ ತೂಗುಹಾಕಿದ. ನಡುವೆ, ಎಲ್ಲಕ್ಕಿಂತ ಎತ್ತರದ ಟೊಂಗೆಗೆ, ಕುಮುದಿನಿಯದು. ಜನ ಅವನನ್ನು, ಮರಕ್ಕೆ ಅಂಟಿ ಬೆಳೆಯುವ ಬಂದಳಿಕೆಯ ಹೆಸರಿಟ್ಟು, ಬಂದಳಿಕಿ ಗುರುಪುತ್ರಪ್ಪ ಎಂದು ಕರೆದರು. ಶಿವಲಿಂಗವ್ವ ಅವುಗಳನ್ನು ಸವತಿಯರು ಎಂದಳು, ಆದರೆ ಬಿಸಿಲು ಹೆಚ್ಚಾದ ದಿನ ತಾನೇ ನೀರು ಚಿಮುಕಿಸುತ್ತಿದ್ದಳು. ಕಾಂಗ್ರೆಸ್ ಮಹಾಸಭೆ ಬೆಳಗಾವಿಯಲ್ಲಿ ನೆರೆದ ಚಳಿಗಾಲ ಅದರ ಅಡಿಗೆಮನೆಗಳಿಗೆಂದು ಊರಿನ ಅಡ್ಡೆಗಳೆಲ್ಲ ಬರಿದಾದವು. ಗುತ್ತಿಗೆದಾರ ಮಾವಿನ ಮರದ ಕಡೆ ಕೈ ತೋರಿಸಿದಾಗ ಗುರುಪುತ್ರಪ್ಪ ಕೊಡಲಿ ಹಿಡಿದು ಅಡ್ಡ ನಿಂತ. ದೇಶದ ಕೆಲಸಕ್ಕೂ ಕೊಡುವುದಿಲ್ಲವಂತೆ ಎಂದು ಜನ ಆಡಿಕೊಂಡರು.

ಪ್ರತಿ ಮಿರಗಕ್ಕೆ ಹೆರಳು ಇಳಿಯುತ್ತಿತ್ತು. ಪ್ರತಿ ವರ್ಷ ಉದ್ದವಾಗುತ್ತಿತ್ತು. ದನಿಯೂ ಬಿಡಲಿಲ್ಲ. "ಕಾಕಾ, ಇನ್ನೊಂದು." ಅವನು ಒಟ್ಟಿನ ಹಿಂದೆ ಹೋಗಿ ನೋಡುವುದನ್ನು ಬಿಟ್ಟಿದ್ದ. "ಐತಿ ಮಗಳ, ಕೊಡ್ತೀನಿ, ತಡಿ," ಎಂದು ಕೂತಲ್ಲಿಂದಲೇ ಹೇಳುತ್ತಿದ್ದ. ಹೇಗೆ ಕೊಡುವುದೆಂದು ಅವನಿಗೂ ಗೊತ್ತಿರಲಿಲ್ಲ.

ಮಹಾಸಭೆಯ ಮರುವರ್ಷದ ಮಿರಗದಲ್ಲಿ ದಿಗಂಬರನಿಗೆ ಊರಾಚೆ ಕೆಲಸ ಬಿದ್ದು, ಕಟ್ಟಿಗೆಗೆ ಕಾಶೀಬಾಯಿಯೇ ಬಂದಳು. ಅವಳೂ ವಿಧವೆಯೇ, ತಲೆ ಬೋಳು, ಮೈತುಂಬ ಕೆಂಪು ಸೀರೆ. ಗುರುಪುತ್ರಪ್ಪ ಅಡಗಲು ಜಾಗ ಹುಡುಕಿದ. ಅವಳು ತಕ್ಕಡಿಯ ಕಡೆ ಬರಲೇ ಇಲ್ಲ. ಮಾವಿನ ಮರದ ಕೆಳಗೆ ತಲೆಯೆತ್ತಿ ನಿಂತುಬಿಟ್ಟಿದ್ದಳು.

"ಇದು ಎಲ್ಲಿಂದ ಬಂತು ಗುರುಪುತ್ರಪ್ಪಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಎಲ್ಲ ಹೇಳಿದ. ಕೊರಡು ಇಳಿಸಿದ್ದು, ಗಾಡಿ ಹೋದದ್ದು, ತಾನು ಓಡದೆ ನಿಂತದ್ದು, ಹೊಳೆಯ ದಂಡೆಯ ಮರ. ಹೇಳುತ್ತ ಹೇಳುತ್ತ ಅವಳ ಕಾಲ ಬಳಿ ಕೂತ. "ಬೈರಿ ತಾಯಿ. ಶಾಪಾ ಹಾಕ್ರಿ. ನಿಮ್ಮ ಕೈ ಮುಗೀತೀನಿ, ಸುಮ್ಮ ನಿಂದರಬ್ಯಾಡ್ರಿ."

ಕಾಶೀಬಾಯಿ ಒಂದು ಕೊರಡಿನ ಮೇಲೆ ಮೆಲ್ಲಗೆ ಕೂತಳು. "ಮಳಿ ಬಂತಲ್ಲ ಅವತ್ತು. ಕಟ್ಟಿಗಿ ಸಾಲವಲ್ದು ಅಂತ ಮಸಣದಿಂದ ಆಳು ಬಂದಿದ್ದ. ನಿನ್ನ ಅಡ್ಡಿಗೆ ಬೀಗ ಇತ್ತಂತ. ಮನ್ಯಾಗ ಕಟ್ಟಿಗಿ ಅಂತ ಇದ್ದದ್ದು ಆಕಿ ತೊಟ್ಟಿಲಾ ಒಂದಽ. ನಾನಽ ಕೈಯಾರೆ ಎತ್ತಿ ಕೊಟ್ಟೆ."

ಗುರುಪುತ್ರಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಒಂದು ಕೊರಡಿನಿಂದ ಏನಾಗುತ್ತದೆ ಎಂದು ಕೇಳಿಕೊಂಡಿದ್ದನಲ್ಲ, ಉತ್ತರ ಬಂದಿತ್ತು.

"ಅಳಬ್ಯಾಡ," ಎಂದಳು ಕಾಶೀಬಾಯಿ. ಅವಳ ಕಣ್ಣು ಹೂವಿನ ಮೇಲೆಯೇ ಇತ್ತು. "ನಿಂದು ಒಂದು ಕೊರಡು. ನಂದು ಕೇಳು. ಆ ಗಿಡದ ಕೆಳಗ ಆಕಿನ್ನ ಕೂಡಿಸಿದಾಗ ನಾ ಅಲ್ಲೇ ಇದ್ದೆ. ಆಕಿ ಅಲಗಾಡಬಾರದಂತ ಎರಡೂ ಕೈ ಹಿಡಕೊಂಡಿದ್ದಾಕಿ ನಾನ. ಆಯೀ, ಇನ್ನೊಂದು ದಿವಸಾ ಇರಲಿ, ಅಂದ್ಲು. ಇನ್ನೊಂದಽ ದಿವಸಾ ಅಂದ್ಲು. ನಾ ಕೈ ಬಿಡಲಿಲ್ಲ."

ಹನಿ ಮಳೆ ಶುರುವಾಯಿತು. ಇಬ್ಬರೂ ಏಳಲಿಲ್ಲ. ಗುರುಪುತ್ರಪ್ಪ ಕೇಳಿದ, "ತಾಯಿ, ಆಕಿ ದನಿ ನಿಮಗೂ ಕೇಳಸತೈತೇನು?"

"ದಿನಾ," ಎಂದಳು ಅವಳು.

ಅವನು ಟೊಂಗೆಯಿಂದ ಕೊರಡನ್ನು ಇಳಿಸಿ ಅವಳ ಮಡಿಲ ಬಳಿ ಹಿಡಿದ. ಮಡಿ ಮೈಲಿಗೆಯ ಮಾತು ಅವಳಿಗೂ ನೆನಪಾಗಲಿಲ್ಲ, ಅವನಿಗೂ ನೆನಪಾಗಲಿಲ್ಲ. ಅವಳು ಹೂವಿನ ಮೇಲೆ ಬೆರಳಾಡಿಸಿದಳು, ಬುಡದಿಂದ ತುದಿಯವರೆಗೆ, ಹೆರಳು ಬಿಗಿಯಾಗಿದೆಯೇ ಎಂದು ನೋಡುವ ಹಾಗೆ.

"ಇದನ್ನ ಜ್ವಾಕಿ ಮಾಡು," ಎಂದಳು. "ನನ್ನ ಪಾಳಿ ಬಂದ ದಿವಸ ಇದನ್ನ ನನ್ನ ಗಾಡಿಗೆ ಹೇರು. ನಾ ಒಯ್ದು ಆಕಿಗೆ ಕೊಡ್ತೀನಿ. ದಿಗಂಬರಗ ಹೇಳಿರ್ತೀನಿ."

ಅಂದಿನಿಂದ ಗುರುಪುತ್ರಪ್ಪನಿಗೆ ಒಂದೇ ಚಿಂತೆ, ಆ ದಿನದವರೆಗೆ ಅದು ಬದುಕಿರಬೇಕು. ಕೊಡುವುದಾದರೆ ಬಾಡಿದ್ದನ್ನು ಕೊಡಬಾರದು. ಇರುವೆ ಹತ್ತದಂತೆ ಹಗ್ಗಕ್ಕೆ ಎಣ್ಣೆ ಸವರಿದ, ಆಲಿಕಲ್ಲು ಬಿದ್ದರೆ ಚಾಪೆ ಹಿಡಿದು ನಿಂತ, ಊರಿಗೆ ಹೋದರೆ ಅರ್ಧ ಮನಸ್ಸು ಮಾವಿನ ಮರದಲ್ಲೇ. ಕಾಶೀಬಾಯಿ ಪ್ರತಿ ಮಿರಗಕ್ಕೆ ಬಂದು ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದಳು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಆದರೆ ಸಾಕಿದ್ದರ ಮೇಲೆ ಜೀವ ಕೂರುತ್ತದೆ, ಅದಕ್ಕೆ ಯಾರೇನು ಮಾಡುವುದು? ಪಾಪದ ಭಯಕ್ಕೆ ಕಟ್ಟಿದ ಸಸಿ ಈಗ ಅವನ ಕಣ್ಣಿನ ಗೊಂಬೆಯಾಗಿತ್ತು. ಅದನ್ನು ಒಂದು ದಿನ ಬೆಂಕಿಗೆ ಕೊಡಬೇಕು ಎಂಬುದನ್ನು ಅವನು ನೆನೆಯದೆ ಇರಲು ಕಲಿತಿದ್ದ.

ಮತ್ತೆ ಕೆಲವು ಮಳೆಗಾಲ ಹೋದವು. ಅಡ್ಡೆಯ ಕಟ್ಟಿಗೆ ಎಷ್ಟೋ ಸಲ ತುಂಬಿ ಎಷ್ಟೋ ಸಲ ಬರಿದಾಯಿತು. ಒಂದು ಮಿರಗದ ಬೆಳಿಗ್ಗೆ, ಹೆರಳು ಪೂರ್ತಿ ಅರಳಿದ್ದ ದಿನ, ದಿಗಂಬರ ಬರಿಗಾಲಲ್ಲಿ ಬಂದು ಬಾಗಿಲಲ್ಲಿ ನಿಂತ. ಗುರುಪುತ್ರಪ್ಪ ಯಾರು ಎಂದು ಕೇಳಲಿಲ್ಲ.

"ಆಯಿ ಹೇಳಿದ್ಲು," ಎಂದ ದಿಗಂಬರ ಮರದ ಕಡೆ ನೋಡುತ್ತ, "ನಿಮ್ಮ ಕಡೆ ಒಂದು ಕೊರಡು ಅದ ಅಂತ."

ಗಾಡಿ ತುಂಬಿತು. ಮಳೆಗೆ ನೆನೆಯದಂತೆ ಮೇಲೆ ಗೋಣಿತಟ್ಟು ಹೊದಿಸಿದರು. ಗುರುಪುತ್ರಪ್ಪ ಟೊಂಗೆಯಿಂದ ಕೊರಡನ್ನು ಇಳಿಸಿ ಒಳಗೆ ತಂದ. ಇಷ್ಟು ವರ್ಷಕ್ಕೆ ಅದು ಒಣಗಿ ಹಗುರಾಗಿತ್ತು, ಚಿತೆಗೆ ಹೇಳಿ ಮಾಡಿಸಿದಂತಿತ್ತು. ಬೇರುಗಳು ಅದನ್ನು ಸುತ್ತಿ ಸುತ್ತಿ ಹಿಡಿದಿದ್ದವು. ಅವನು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೇ ಇದ್ದ.

ಶಿವಲಿಂಗವ್ವ ಬಂದು ಪಕ್ಕದಲ್ಲಿ ನಿಂತಳು. ಗಂಡನ ಮುಖ ನೋಡಿದಳು. "ಕೊಡ್ತೀನಂದದ್ದು ಕೊರಡಾ, ಹೌದಲ್ರೀ? ಹೂವಿನ ಮಾತು ಯಾರ ಆಡಿದ್ದರು? ಹಾವೂ ಸಾಯಬಾರದು, ಕೋಲೂ ಮುರೀಬಾರದು. ಸಸಿ ಬಿಡಿಸಿಕೊಂಡು ಕೊರಡಾ ಕೊಟ್ಟ ಬರ್ರಿ. ಬ್ಯಾರೆ ಕೊರಡಿಗೆ ಕಟ್ಟಿದರ ಬದುಕತೈತಿ, ನಿಮಗ ಗೊತ್ತಿಲ್ಲದ್ದೇನು?"

ಅವನಿಗೆ ಗೊತ್ತಿತ್ತು, ಖಂಡಿತ ಬದುಕುತ್ತದೆ. ಮಾತು ತಪ್ಪಿದಂತೆಯೂ ಆಗುವುದಿಲ್ಲ. ಗೂಡಿನಲ್ಲಿದ್ದ ಸಣ್ಣ ಚೂರಿ ತೆಗೆದ. ಎಡಗೈಯಲ್ಲಿ ಹೂವಿನ ಹೆರಳನ್ನು ಒಟ್ಟಿಗೆ ಹಿಡಿದು ಮೇಲೆತ್ತಿದ, ಬಲಗೈಯ ಚೂರಿಯನ್ನು ಬೇರಿನ ಬುಡಕ್ಕೆ ಇಟ್ಟ. ಒಂದು ಬೇರು ತುಂಡಾಯಿತು. ಸಸಿ ಅವನ ಕೈಯಲ್ಲಿ ಸ್ವಲ್ಪ ಅಲುಗಿತು.

ಆಗ ಅವನಿಗೆ ತನ್ನ ಕೈಗಳು ಕಂಡವು. ಒಂದರಲ್ಲಿ ಹೆರಳು, ಇನ್ನೊಂದರಲ್ಲಿ ಅಲಗು. ಹೊಳೆಯ ದಂಡೆಯಲ್ಲಿ ಹಜಾಮ ಹಿಡಿದದ್ದೂ ಹೀಗೆಯೇ. ಒಬ್ಬರು ಹಿಡಿದುಕೊಂಡಿದ್ದರು, ಒಬ್ಬರು ಕತ್ತರಿಸಿದ್ದರು. ಈಗ ಎರಡನ್ನೂ ಅವನೊಬ್ಬನೇ ಮಾಡುತ್ತಿದ್ದ.

"ಅಯ್ಯೋ ನನ್ನಪ್ಪಾ," ಎಂದು ಚೂರಿಯನ್ನು ಎಸೆದುಬಿಟ್ಟ. ಅದು ಶಿವಲಿಂಗವ್ವನ ಕಾಲ ಬಳಿ ಬಿತ್ತು. ಅವಳು ಅದನ್ನೆತ್ತಿ ಮತ್ತೆ ಗೂಡಿನಲ್ಲಿಟ್ಟಳು.

ಹೊರಗೆ ಬಂದಾಗ ಗಾಡಿ ಹೊರಟುಬಿಟ್ಟಿತ್ತು. ಕೆರೆಯ ತಿರುವಿನಲ್ಲಿ ಅದರ ಹಿಂಬದಿ ಕಾಣಿಸುತ್ತಿತ್ತು. ಕೂಗುವಂತಿಲ್ಲ. ಗುರುಪುತ್ರಪ್ಪ ಕೊರಡನ್ನು ಎದೆಗೆ ಅವಚಿಕೊಂಡು ಓಡಿದ. ರುಮಾಲು ಬಿದ್ದುಹೋಯಿತು, ಎತ್ತಿಕೊಳ್ಳಲಿಲ್ಲ. ಮಳೆಯಲ್ಲಿ, ಕೆಸರಿನಲ್ಲಿ, ಐವತ್ತು ದಾಟಿದ ಮನುಷ್ಯ ಹೂವು ತುಂಬಿದ ಮರದ ತುಂಡು ಹೊತ್ತು ಓಡುವುದನ್ನು ಕೋಟೆ ಕೆರೆಯ ಜನ ನಿಂತು ನೋಡಿದರು. ಅಂದು ಯಾರೂ ನಗಲಿಲ್ಲ.

ಮಸಣದ ಬಾಗಿಲಲ್ಲಿ ಗಾಡಿಯನ್ನು ಮುಟ್ಟಿದ. ದಿಗಂಬರ ಕೊರಡನ್ನು ತೆಗೆದುಕೊಂಡು ತಾಯಿಯ ತಲೆಯ ಬದಿಗೆ ಇಟ್ಟ. ಹೂವಿನ ಹೆರಳು ಅವಳ ಬೋಳುತಲೆಯ ಪಕ್ಕದಿಂದ ಇಳಿದು ಹೆಗಲ ಮೇಲೆ ಬಿತ್ತು. ಅದು ಅವಳಿಗೂ ಸಾಕಾಗುವಷ್ಟಿತ್ತು. ಬೆಂಕಿ ಹತ್ತಿದಾಗ ಗುರುಪುತ್ರಪ್ಪ ಅಲ್ಲಿ ನಿಲ್ಲಲಿಲ್ಲ. ತಿರುಗಿ ನೋಡದೆ ಮನೆಗೆ ಬಂದ.

ಮರುದಿನ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಮಧ್ಯಾಹ್ನ ಕೂಲಿಯವರು ಉಣ್ಣಲು ಹೋದರು. ಅವನು ತನ್ನ ಜಾಗದಲ್ಲಿ ಕೂತು ಕಿವಿಗೊಟ್ಟ. ಎಲೆ ಅಲುಗಿದ್ದು ಕೇಳಿಸಿತು, ಎಲ್ಲೋ ದೂರದಲ್ಲಿ ಖಾನಾಪುರದ ರೈಲು ಸೀಟಿ ಹಾಕಿದ್ದು ಕೇಳಿಸಿತು. ಅಷ್ಟೇ. ಅದರ ಮರುದಿನವೂ ಅಷ್ಟೇ. ವಾರ ಕಳೆಯಿತು, ತಿಂಗಳು ಕಳೆಯಿತು. ಇಷ್ಟು ವರ್ಷ ಯಾವ ದನಿಗೆ ಬೆವರಿದ್ದನೋ ಆ ದನಿಗಾಗಿ ಗುರುಪುತ್ರಪ್ಪ ಮಧ್ಯಾಹ್ನದ ಊಟ ಬಿಟ್ಟು ಕಾಯತೊಡಗಿದ. ಮಾವಿನ ಮರದ ಎತ್ತರದ ಟೊಂಗೆಯಲ್ಲಿ ಬರಿ ಹಗ್ಗ ತೂಗುತ್ತಿತ್ತು.

ಒಂದು ದಿನ ಎದ್ದು ಒಟ್ಟಿನ ಹಿಂದೆ ಹೋದ. ಕೊಡಲಿಯ ಕೆಳಗೆ ಬಿದ್ದ ಚಕ್ಕೆಗಳಲ್ಲಿ ನುಣ್ಣಗಿನ ಒಂದನ್ನು ಆರಿಸಿ, ಅಂಗೈಯಲ್ಲಿ ಇಟ್ಟು ಮುಂದೆ ಚಾಚಿದ.

"ಇನ್ನೊಂದು ಐತಿ ಮಗಳ," ಎಂದ. "ಬೇಕೇನು?"

ಕೈ ಸೋಲುವವರೆಗೆ ಹಾಗೇ ಹಿಡಿದು ನಿಂತಿದ್ದ. ಯಾರೂ ತೆಗೆದುಕೊಳ್ಳಲಿಲ್ಲ.